ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ: ಯಾದಗಿರಿ ಜಿಲ್ಲೆಯಲ್ಲಿ ಯಾವ ಕೆಲಸಕ್ಕೆ ಕೊಟ್ಟರೆ ಹೆಚ್ಚು ಒಳಿತಾಗುತ್ತದೆ?

ಪ್ರಶ್ನೆ — ಶಹಾಪುರ ತಾಲ್ಲೂಕಿನವರು, ಸದ್ಯ ಬೆಂಗಳೂರಿನಲ್ಲಿ ಉದ್ಯೋಗ

ಎಲ್ಲರಿಗೂ ಶರಣು. ಶಹಾಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಒಟ್ಟಿಗೆ ಓದಿದ ನಾವು ಕೆಲವರು, ತಿಂಗಳ ಸಂಬಳದಲ್ಲಿ ಒಂದು ಪಾಲು ತೆಗೆದಿಟ್ಟು ಊರ ಕಡೆಯ ಜನರಿಗಾಗಿ ಖರ್ಚು ಮಾಡಬೇಕೆಂದು ನಿರ್ಧರಿಸಿದ್ದೇವೆ. ಎಲ್ಲರದೂ ಸೇರಿದರೆ ವರ್ಷಕ್ಕೆ ಸುಮಾರು ನಾಲ್ಕು ಲಕ್ಷ ರೂಪಾಯಿ ಆಗುತ್ತದೆ. ಹಣ ಕೂಡಿಸುವುದು ಕಷ್ಟವಾಗಲಿಲ್ಲ. ಯಾವುದಕ್ಕೆ ಕೊಡಬೇಕು ಎಂಬಲ್ಲಿ ಮಾತು ನಿಂತುಬಿಟ್ಟಿದೆ. ಊರ ಹಿರಿಯರು ಅಗಸಿಯ ಬಳಿ ಸ್ವಾಗತ ಕಮಾನು ಕಟ್ಟಿಸಬೇಕು ಎನ್ನುತ್ತಾರೆ. ಗೆಳೆಯರಲ್ಲಿ ಕೆಲವರು ಶಾಲೆಯ ಮಕ್ಕಳಿಗೆ ನೋಟ್‌ಬುಕ್ಕು, ಬ್ಯಾಗು ಹಂಚೋಣ ಎಂದರೆ, ಇನ್ನು ಕೆಲವರು ಜಿಲ್ಲಾ ಆಸ್ಪತ್ರೆಯ ರೋಗಿಗಳಿಗೆ ಹಣ್ಣು, ಬ್ರೆಡ್ಡು ಕೊಡೋಣ ಎನ್ನುತ್ತಾರೆ. ಒಬ್ಬರು ಹೃದಯದಲ್ಲಿ ರಂಧ್ರವಿರುವ ಒಂದು ಮಗುವಿನ ಶಸ್ತ್ರಚಿಕಿತ್ಸೆಗೆ ಇಡೀ ವರ್ಷದ ಹಣವನ್ನು ಕೊಡಬೇಕೆಂದು ಕೇಳುತ್ತಿದ್ದಾರೆ. ಇವುಗಳಲ್ಲಿ ಯಾವುದನ್ನೂ ಕೆಟ್ಟ ಕೆಲಸ ಎನ್ನಲಾಗುವುದಿಲ್ಲ, ತೊಡಕಿರುವುದೂ ಅಲ್ಲಿಯೇ.

ನಮ್ಮ ಭಾಗದ ಕೊರತೆ ಯಾರಿಗೂ ಹೊಸದಲ್ಲ. 2002ರ ನಂಜುಂಡಪ್ಪ ಸಮಿತಿಯ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪೈಕಿ ಅರ್ಧಕ್ಕೂ ಹೆಚ್ಚು ಆಗಿನ ಗುಲಬರ್ಗಾ ವಿಭಾಗದವೇ ಆಗಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಯಾದಗಿರಿ ಜಿಲ್ಲೆಯದು ಶೇ 51.83 ಇತ್ತು, ಅದಕ್ಕಿಂತ ಕಡಿಮೆ ಇದ್ದ ಜಿಲ್ಲೆ ರಾಜ್ಯದಲ್ಲಿ ಇನ್ನೊಂದು ಇರಲಿಲ್ಲ. ಸಂವಿಧಾನದ 371-ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಕೋಟಿಗಟ್ಟಲೆ ಹಣ ಹರಿಯುತ್ತಿರುವಾಗ ನಮ್ಮ ನಾಲ್ಕು ಲಕ್ಷ ಎಲ್ಲಿ ಹೋಗಿ ಸೇರಿದರೆ ನಿಜವಾಗಿ ಲೆಕ್ಕಕ್ಕೆ ಬರುತ್ತದೆ ಎಂಬುದು ನನ್ನ ಚಿಂತೆ.

ಪುರಾವೆ ಮತ್ತು ವಿವೇಚನೆಯ ಆಧಾರದ ಮೇಲೆ ಪರೋಪಕಾರ ಮಾಡಬೇಕೆನ್ನುವ ಚಿಂತನೆಯ ಬಗ್ಗೆ ಇತ್ತೀಚೆಗೆ ಓದುತ್ತಿದ್ದೇನೆ. 1972ರಲ್ಲಿ ತತ್ತ್ವಶಾಸ್ತ್ರಜ್ಞ ಪೀಟರ್ ಸಿಂಗರ್, ಕಣ್ಣೆದುರಿನ ಕೆರೆಯಲ್ಲಿ ಮುಳುಗುತ್ತಿರುವ ಮಗುವಿಗೂ ದೂರದ ದೇಶದಲ್ಲಿ ಹಸಿವಿನಿಂದ ಸಾಯುತ್ತಿರುವ ಮಗುವಿಗೂ ನಮ್ಮ ಹೊಣೆಯಲ್ಲಿ ವ್ಯತ್ಯಾಸವೇಕೆ ಎಂದು ಕೇಳಿದರು. 2007ರಲ್ಲಿ ಅಮೆರಿಕದಲ್ಲಿ ಆರಂಭವಾದ ಗಿವ್‌ವೆಲ್ ಎಂಬ ಸಂಸ್ಥೆ ಯಾವ ದತ್ತಿ ಸಂಸ್ಥೆಗೆ ಕೊಟ್ಟ ಹಣದಿಂದ ಎಷ್ಟು ಜೀವ ಉಳಿಯುತ್ತದೆ ಎಂದು ಅಳೆಯಲು ತೊಡಗಿತು. 2009ರಲ್ಲಿ ಆಕ್ಸ್‌ಫರ್ಡಿನ ಕೆಲವರು ಆದಾಯದ ಹತ್ತನೆಯ ಒಂದು ಪಾಲನ್ನು ಹೀಗೆ ಪರೀಕ್ಷಿಸಿದ ಕೆಲಸಗಳಿಗೆ ಕೊಡುವ ಪ್ರತಿಜ್ಞೆಯನ್ನು ಆರಂಭಿಸಿದರು. ಅವರೆಲ್ಲರ ಮುಖ್ಯ ವಾದವೆಂದರೆ, ಒಳ್ಳೆಯ ಕೆಲಸಗಳ ನಡುವೆಯೇ ಪರಿಣಾಮದಲ್ಲಿ ಹತ್ತುಪಟ್ಟು, ನೂರುಪಟ್ಟು ಅಂತರವಿರುತ್ತದೆ ಎಂಬುದು. ಆದರೆ ಅವರ ಪಟ್ಟಿಯ ಮೇಲ್ಭಾಗದಲ್ಲಿ ಇರುವುದು ಆಫ್ರಿಕಾದ ಮಲೇರಿಯಾ ಪೀಡಿತ ಪ್ರದೇಶಗಳಲ್ಲಿ ಸೊಳ್ಳೆಪರದೆ ಹಂಚುವಂತಹ ಕೆಲಸಗಳು. ಈ ವಿಚಾರಕ್ರಮವನ್ನು ಯಾದಗಿರಿಗೆ ಅನ್ವಯಿಸುವುದು ಹೇಗೆ? ಎರಡು ಕೆಲಸಗಳನ್ನು ತೂಗಿ ನೋಡಲು ನಮ್ಮಂತಹ ಸಾಮಾನ್ಯರು ಏನು ಮಾಡಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ 1 — ಕಲಬುರಗಿ, ತಾಯಿ-ಮಕ್ಕಳ ಆರೋಗ್ಯ ವಿಭಾಗದಲ್ಲಿ ಶುಶ್ರೂಷಕಿ

ಶರಣು, ತಮ್ಮಾ. ಯಾವ ಕೆಲಸವನ್ನೇ ತೂಗುವಾಗಲೂ ನಾವು ಕೈಹಾಕದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯಿಂದಲೇ ಆರಂಭಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಪಟ್ಟಿಗೆ ಈ ಪ್ರಶ್ನೆಯನ್ನು ಹಾಕಿ ನೋಡಿ. ಒಳರೋಗಿಗಳಿಗೆ ಆಸ್ಪತ್ರೆಯಲ್ಲಿ ಊಟ ಇದ್ದೇ ಇರುತ್ತದೆ. ನಿಮ್ಮ ಹಣ್ಣಿನಿಂದ ಅವರಿಗೆ ಒಂದು ಹೊತ್ತಿನ ಸಂತೋಷವಾದೀತು, ರೋಗದಲ್ಲಿ ವ್ಯತ್ಯಾಸವಾಗದು. ಜಂತುಹುಳು ನಿವಾರಣೆಗೆ ಹಣ ಕೊಡೋಣವೆಂದು ಯಾರಾದರೂ ಹೇಳಿದರೆ, 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಅಂಗನವಾಡಿ ಮತ್ತು ಶಾಲೆಗಳಲ್ಲಿ ಆಲ್ಬೆಂಡಜೋಲ್ ಮಾತ್ರೆಯನ್ನು ಸರ್ಕಾರವೇ ಉಚಿತವಾಗಿ ಕೊಡುತ್ತಿದೆ ಎಂಬುದನ್ನು ನೆನಪಿಸಿ. ಸರ್ಕಾರ ಕೊಡುತ್ತಿರುವುದನ್ನೇ ನಾವೂ ಕೊಂಡು ಕೊಟ್ಟರೆ ಮಗುವಿಗೆ ಹೆಚ್ಚುವರಿಯಾಗಿ ಏನೂ ಸಿಗುವುದಿಲ್ಲ.

ಹೃದಯದ ರಂಧ್ರವಿರುವ ಮಗುವಿನ ವಿಷಯವನ್ನು ಹೆಚ್ಚು ಎಚ್ಚರದಿಂದ ನೋಡಬೇಕು, ಏಕೆಂದರೆ ಅಲ್ಲಿ ಒಂದು ಜೀವವಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 2013ರಿಂದ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳ ಮಕ್ಕಳನ್ನು ತಪಾಸಣೆ ಮಾಡಿ, ಹುಟ್ಟಿನಿಂದ ಬಂದ ಹೃದಯದೋಷವಿದ್ದರೆ ಮುಂದಿನ ಚಿಕಿತ್ಸೆಗೆ ಕಳುಹಿಸುತ್ತವೆ. ಅರ್ಹ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಶಸ್ತ್ರಚಿಕಿತ್ಸೆಯ ವೆಚ್ಚ ಭರಿಸುವ ವ್ಯವಸ್ಥೆಯೂ ಇದೆ. ಕೂಲಿ ಬಿಟ್ಟು ಬೆಂಗಳೂರಿಗೆ ಹೋಗಿ ದಿನಗಟ್ಟಲೆ ಉಳಿಯಲು ತಾಯಿ-ತಂದೆಯ ಕೈಯಲ್ಲಿ ದುಡ್ಡಿಲ್ಲದಿರುವುದು, ಯಾವ ಕಾಗದ ಎಲ್ಲಿ ತೋರಿಸಬೇಕೆಂದು ತಿಳಿಯದಿರುವುದು, ಕರೆದ ದಿನಕ್ಕೆ ಹೋಗಲಾಗದೆ ಸರದಿ ತಪ್ಪುವುದು — ಬಡವರ ಮನೆಯ ಮಗು ಹಿಂದೆ ಉಳಿಯುವುದು ಬಹಳ ಸಲ ಈ ಕಾರಣಗಳಿಗೆ. ಆದ್ದರಿಂದ ಆ ಮಗುವಿನ ಹೆಸರು ಯೋಜನೆಯಲ್ಲಿ ಬರುತ್ತದೆಯೇ ಎಂದು ಮೊದಲು ವಿಚಾರಿಸಿ. ಬರುವುದಾದರೆ, ಒಂದು ಶಸ್ತ್ರಚಿಕಿತ್ಸೆಗೆ ಕೊಡಬೇಕೆಂದಿದ್ದ ಹಣದಲ್ಲಿ ಅಂತಹ ಹಲವು ಕುಟುಂಬಗಳ ಪ್ರಯಾಣ, ಊಟ, ವಸತಿ ಮತ್ತು ಕಳೆದುಹೋದ ಕೂಲಿಯನ್ನು ತುಂಬಿಕೊಡಬಹುದು. ಬಾರದಿದ್ದರೆ ಮಾತು ಬೇರೆ. ಆ ಮಗುವಿಗೆ ಬೇರೆ ದಾರಿಯೇ ಇಲ್ಲವೆಂದು ಖಚಿತವಾದ ಮೇಲೆ ಕೊಡುವುದರಲ್ಲಿ ತಪ್ಪಿಲ್ಲ.

ಈಗ ಪುರಾವೆಯ ವಿಷಯಕ್ಕೆ ಬರುತ್ತೇನೆ. ರಾಜಸ್ಥಾನದ ಉದಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಮ್ಮ ಭಾಗದ ಪ್ರತಿಯೊಬ್ಬ ದಾನಿಯೂ ತಿಳಿದಿರಬೇಕೆಂದು ನನ್ನ ಆಸೆ. ಹಳ್ಳಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಮೊದಲಿನಂತೆಯೇ ಬಿಟ್ಟ ಹಳ್ಳಿಗಳಲ್ಲಿ ಪೂರ್ಣ ಲಸಿಕೆ ಪಡೆದ ಮಕ್ಕಳು ಶೇ 6 ಮಾತ್ರ. ತಿಂಗಳಿಗೊಮ್ಮೆ ತಪ್ಪದೆ ಲಸಿಕಾ ಶಿಬಿರ ನಡೆಸಿದ ಹಳ್ಳಿಗಳಲ್ಲಿ ಶೇ 18. ಶಿಬಿರದ ಜೊತೆಗೆ ಪ್ರತಿ ಲಸಿಕೆಗೆ ಒಂದು ಕಿಲೊ ಬೇಳೆಯನ್ನೂ, ಎಲ್ಲ ಲಸಿಕೆ ಮುಗಿದಾಗ ಊಟದ ತಟ್ಟೆಗಳನ್ನೂ ಕೊಟ್ಟ ಹಳ್ಳಿಗಳಲ್ಲಿ ಶೇ 39. ಬೇಳೆ ಕೊಟ್ಟದ್ದರಿಂದ ಖರ್ಚು ಏರಿರಬೇಕಲ್ಲವೇ? ಪೂರ್ಣ ಲಸಿಕೆ ಪಡೆದ ಒಂದು ಮಗುವಿನ ಲೆಕ್ಕದಲ್ಲಿ ನೋಡಿದರೆ ಅದು 56 ಡಾಲರ್‌ನಿಂದ 28 ಡಾಲರ್‌ಗೆ ಇಳಿದಿತ್ತು, ಏಕೆಂದರೆ ದಿನವಿಡೀ ಕಾದು ಕೂರುತ್ತಿದ್ದ ಅದೇ ಸಿಬ್ಬಂದಿಯ ಬಳಿಗೆ ಹೆಚ್ಚು ಮಕ್ಕಳು ಬಂದರು. ಆ ತಾಯಂದಿರು ಲಸಿಕೆಯನ್ನು ವಿರೋಧಿಸುತ್ತಿದ್ದವರೇನಲ್ಲ. ಇಂದಿನ ಕೂಲಿ ಬಿಟ್ಟು, ಜ್ವರ ಬಂದೀತೆಂಬ ಅಳುಕನ್ನು ದಾಟಿ, ಎಂದೋ ಬರಬಹುದಾದ ರೋಗಕ್ಕಾಗಿ ಮಗುವನ್ನು ಎತ್ತಿಕೊಂಡು ಹೋಗಲು ಒಂದು ನೆಪ ಬೇಕಿತ್ತು. ತೊಗರಿಯ ಕಣಜವೆನಿಸಿಕೊಂಡ ಕಲಬುರಗಿಯಲ್ಲಿ ಕುಳಿತು ಇದನ್ನು ಓದಿದಾಗ, ಇಲ್ಲಿನ ದಾಲ್‌ಮಿಲ್ ಮಾಲೀಕರನ್ನು ಇಂತಹ ಕೆಲಸಕ್ಕೆ ಒಪ್ಪಿಸಬಹುದಲ್ಲವೇ ಎಂದು ನನಗೆ ಬಲವಾಗಿ ಅನ್ನಿಸಿತು.

ಎರಡನೆಯದು ಹಸುಗೂಸುಗಳ ಮೊದಲ ತಿಂಗಳು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ 39 ಹಳ್ಳಿಗಳಲ್ಲಿ ಸ್ಥಳೀಯ ಮಹಿಳೆಯರಿಗೆ ತರಬೇತಿ ಕೊಟ್ಟು ಮನೆಮನೆಯಲ್ಲಿ ನವಜಾತ ಶಿಶುಗಳ ಆರೈಕೆ ಮಾಡಿಸಿದರು. ಪಕ್ಕದ 47 ಹಳ್ಳಿಗಳನ್ನು ಹೋಲಿಕೆಗೆ ಇಟ್ಟುಕೊಂಡರು. 1999ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ ನವಜಾತ ಶಿಶುಗಳ ಸಾವು ಶೇ 62ರಷ್ಟು ಕಡಿಮೆಯಾಗಿತ್ತು. ಇಂದು ಆಶಾ ಕಾರ್ಯಕರ್ತೆಯರು ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಭೇಟಿ ಕೊಡುವ ಪದ್ಧತಿಯ ಬೇರು ಆ ಪ್ರಯೋಗದಲ್ಲಿದೆ. ತೂಕ ಕಡಿಮೆ ಇರುವ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯ ಬಗ್ಗೆಯೂ ಗಟ್ಟಿ ಪುರಾವೆಯಿದೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಟ್ಟಿದ ಕೂಡಲೇ ಹೀಗೆ ಆರೈಕೆ ಪಡೆದ ಕೂಸುಗಳಲ್ಲಿ 28 ದಿನದೊಳಗಿನ ಸಾವು ಶೇ 12ರಷ್ಟಿದ್ದರೆ, ಮೊದಲಿನ ಪದ್ಧತಿಯಲ್ಲಿ ಅದು ಶೇ 15.7ರಷ್ಟಿತ್ತು. ಇದಕ್ಕೆ ಬೇಕಾಗುವುದು ಬಟ್ಟೆ, ಮರೆ ಇರುವ ಒಂದು ಜಾಗ, ತಾಯಿಗೆ ಹೊತ್ತಿಗೆ ಊಟ, ಮತ್ತು ಅತ್ತೆಯನ್ನೋ ಗಂಡನನ್ನೋ ಕೂರಿಸಿಕೊಂಡು ತಿಳಿಹೇಳುವ ಒಬ್ಬ ಹೆಣ್ಣುಮಗಳು. ತಾಯಿಗೆ ಹುಷಾರಿಲ್ಲದಾಗ ಅಜ್ಜಿಯೂ ಕಟ್ಟಿಕೊಳ್ಳಬಹುದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಎರಡರಲ್ಲಿ ಒಂದನ್ನು ಆರಿಸುತ್ತಿದ್ದೆ. ಯಾದಗಿರಿಯಿಂದ ಗುಳೆ ಹೋಗುವ ಕುಟುಂಬಗಳ ಮಕ್ಕಳು ಅರ್ಧ ಲಸಿಕೆ ಇಲ್ಲಿ, ಅರ್ಧ ಅಲ್ಲಿ ಎಂಬಂತಾಗಿ ಎರಡೂ ಕಡೆಯ ಪಟ್ಟಿಯಿಂದ ಬಿಟ್ಟುಹೋಗುತ್ತಾರೆ. ತಾಯಿ ಕಾರ್ಡು ಕಳೆದಿರುತ್ತದೆ; ಬೆಂಗಳೂರಿನ ಕಟ್ಟಡದ ಕೆಲಸದ ಜಾಗಕ್ಕೆ ಯಾವ ಆಶಾ ಬರಬೇಕೆಂದು ಅವರಿಗೆ ಗೊತ್ತಿರುವುದಿಲ್ಲ. ಲಸಿಕೆ ಸರ್ಕಾರದ್ದು, ಶೀತಪೆಟ್ಟಿಗೆ ಸರ್ಕಾರದ್ದು, ಚುಚ್ಚುವ ಕೈಯೂ ಸರ್ಕಾರದ್ದೇ. ಮಗುವನ್ನು ಅಲ್ಲಿಗೆ ತಲುಪಿಸುವ ಕೊನೆಯ ಹೆಜ್ಜೆಗೆ ಮಾತ್ರ ನಿಮ್ಮ ಹಣ ಹೋಗಬೇಕು.

ಉತ್ತರ 2 — ಬೀದರ್, ಕುಶಲಕರ್ಮಿಗಳ ಸಹಕಾರ ಸಂಘವೊಂದರ ಕಾರ್ಯಕರ್ತ

ಅಕ್ಕನವರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಅದಕ್ಕೆ ಜೀವನೋಪಾಯದ ಕಡೆಯಿಂದ ಒಂದನ್ನು ಸೇರಿಸುತ್ತೇನೆ. ಬಿದ್ರಿ ಕೆಲಸದಲ್ಲಿ ಸತು-ತಾಮ್ರದ ಮಿಶ್ರಲೋಹದ ಮೇಲೆ ಉಳಿಯಿಂದ ಗೆರೆ ಕೊರೆದು, ಕೂದಲೆಳೆಯಂತಹ ಬೆಳ್ಳಿ ತಂತಿಯನ್ನು ಅದರೊಳಗೆ ಕೂರಿಸಬೇಕು. ನಲವತ್ತು ದಾಟಿದ ಕುಶಲಕರ್ಮಿಗೆ ಹತ್ತಿರದ ವಸ್ತು ಮಸುಕಾಗತೊಡಗಿದರೆ ಅವನ ಕೈಚಳಕ ಇದ್ದೂ ಇಲ್ಲದಂತಾಗುತ್ತದೆ. ಹೊಲಿಗೆಯವರು, ಕೌದಿ ಹೊಲಿಯುವವರು, ಅಕ್ಕಿ-ಬೇಳೆಯಲ್ಲಿ ಕಲ್ಲು ಆರಿಸುವವರು ಎಲ್ಲರದೂ ಇದೇ ಪಾಡು. ಅಸ್ಸಾಮಿನ ಚಹಾ ತೋಟದಲ್ಲಿ ನಲವತ್ತು ದಾಟಿದ ಕಾರ್ಮಿಕರಿಗೆ ಹತ್ತಿರದ ನೋಟದ ಕನ್ನಡಕ ಕೊಟ್ಟು, ಕೊಡದ ಗುಂಪಿನೊಂದಿಗೆ ಹೋಲಿಸಿದ ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಕನ್ನಡಕ ಪಡೆದವರು ದಿನಕ್ಕೆ ಕೀಳುವ ಎಲೆಯ ಪ್ರಮಾಣದಲ್ಲಿ ಸುಮಾರು ಶೇ 22ರಷ್ಟು ಮುಂದಿದ್ದರು. ಅಷ್ಟು ಕಡಿಮೆ ಖರ್ಚಿನಲ್ಲಿ ದುಡಿಯುವ ಶಕ್ತಿಯನ್ನು ಅಷ್ಟು ಹೆಚ್ಚಿಸುವ ವಸ್ತು ನನಗೆ ತಿಳಿದಂತೆ ಇನ್ನೊಂದಿಲ್ಲ.

ಇಲ್ಲಿಯೂ ಅಕ್ಕನವರ ಪ್ರಶ್ನೆಯನ್ನು ಬಿಡಬಾರದು. ರಾಜ್ಯ ಸರ್ಕಾರದ ‘ಆಶಾಕಿರಣ’ ಯೋಜನೆಯಲ್ಲಿ ಮನೆಮನೆಗೆ ಹೋಗಿ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ವ್ಯವಸ್ಥೆ ಬಂದಿದೆ. ನಿಮ್ಮ ಹಳ್ಳಿಗಳಲ್ಲಿ ಅದು ಯಾರಿಗೆ ತಲುಪಿದೆ, ಯಾರಿಗೆ ತಲುಪಿಲ್ಲ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಬಿಟ್ಟುಹೋದವರಿಗೆ ಮಾತ್ರ ಕೊಡಿ.

ಉತ್ತರ 3 — ಕಲಬುರಗಿ, ನಿವೃತ್ತ ಅಧ್ಯಾಪಕ

ಮೇಲಿನ ಇಬ್ಬರ ಅಂಕಿಅಂಶಗಳನ್ನು ನಾನು ಗೌರವಿಸುತ್ತೇನೆ. ಆದರೂ ನನ್ನ ಮನಸ್ಸು ಒಪ್ಪದ ಕೆಲವು ವಿಷಯಗಳನ್ನು ಹೇಳಲೇಬೇಕು.

ನಾವು ದಾಸೋಹದ ನೆಲದವರು. ಶರಣಬಸವೇಶ್ವರರ ಸನ್ನಿಧಿಯಲ್ಲಾಗಲಿ, ಖ್ವಾಜಾ ಬಂದೇನವಾಜ್ ದರ್ಗಾದಲ್ಲಾಗಲಿ, ಬೀದರಿನ ನಾನಕ್ ಝೀರಾದ ಲಂಗರ್‌ನಲ್ಲಾಗಲಿ ಉಣ್ಣಲು ಕುಳಿತವನನ್ನು ‘ನಿನಗೆ ಬಡಿಸಿದರೆ ಎಷ್ಟು ಫಲ’ ಎಂದು ಯಾರೂ ಕೇಳುವುದಿಲ್ಲ. ಹಸಿದವನು ಬಂದಿದ್ದಾನೆ ಎಂಬುದಷ್ಟೇ ಅಲ್ಲಿ ಸಾಕು. ಲೆಕ್ಕ ಹಾಕುವುದನ್ನೇ ರೂಢಿ ಮಾಡಿಕೊಂಡ ಮನಸ್ಸು ನಾಳೆ ಎದುರು ನಿಂತ ಮನುಷ್ಯನನ್ನು ಕಾಣದೆ ಹೋದೀತೆಂಬ ಭಯ ನನಗಿದೆ.

ಅದಕ್ಕಿಂತ ಗಂಭೀರವಾದ ಆಕ್ಷೇಪವೊಂದಿದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ಇರುವುದು ಪತ್ತೆಯಾಗಿ, ಅಲ್ಲಿಯ ಲಂಬಾಣಿ ಕುಟುಂಬಗಳು ಚರ್ಮರೋಗದಿಂದ ನರಳಿದ್ದು ನಮ್ಮ ಭಾಗದವರಿಗೆಲ್ಲ ತಿಳಿದ ವಿಷಯ. ಅದೊಂದು ಸಣ್ಣ ತಾಂಡಾ. ದೂರದಿಂದ ಶುದ್ಧ ನೀರು ತರುವ ಖರ್ಚನ್ನು ತಲೆಗೆ ಇಷ್ಟೆಂದು ಭಾಗಿಸಿದರೆ ಲಸಿಕೆಯ ಮುಂದೆ, ಕನ್ನಡಕದ ಮುಂದೆ ಅದು ಸೋಲುತ್ತದೆ. ಹಾಗೆಂದು ಆ ಜನರನ್ನು ಪಟ್ಟಿಯಿಂದ ಬಿಡಬೇಕೇ? ಕೆಲವು ಕೆಲಸಗಳನ್ನು ಮಾಡಬೇಕಾದುದು ಅವು ಅಗ್ಗವೆಂಬ ಕಾರಣಕ್ಕಲ್ಲ, ಅಲ್ಲಿ ಅನ್ಯಾಯವಾಗಿದೆ ಎಂಬ ಕಾರಣಕ್ಕೆ. ದೊಡ್ಡ ಊರಿಗೆ ಹತ್ತಿರವಿರುವವರಿಗೆ ಸೇವೆ ಮುಟ್ಟಿಸುವುದು ಯಾವಾಗಲೂ ಅಗ್ಗವೇ. ಬರೀ ಅಗ್ಗವನ್ನೇ ನೋಡಿದರೆ ತಾಂಡಾ, ದೊಡ್ಡಿ, ವಸ್ತಿಗಳಲ್ಲಿ ಇರುವವರ ಸರದಿ ಎಂದಿಗೂ ಬರುವುದಿಲ್ಲ.

ಪುರಾವೆಗೂ ಒಂದು ಮಿತಿ ಇದೆ. ಕೆನ್ಯಾದ ಬುಸಿಯಾದಲ್ಲಿ ಶಾಲಾ ಮಕ್ಕಳಿಗೆ ಜಂತುಹುಳು ಮಾತ್ರೆ ಕೊಟ್ಟಾಗ ಗೈರುಹಾಜರಿ ಕಾಲುಭಾಗದಷ್ಟು ಇಳಿಯಿತೆಂದು 2004ರಲ್ಲಿ ಪ್ರಕಟವಾದ ಅಧ್ಯಯನ ಜಗತ್ಪ್ರಸಿದ್ಧವಾಯಿತು. 2015ರಲ್ಲಿ ಅದೇ ದತ್ತಾಂಶವನ್ನು ಬೇರೆಯವರು ಮತ್ತೆ ವಿಶ್ಲೇಷಿಸಿದಾಗ ವಿದ್ವಾಂಸರ ನಡುವೆ ದೊಡ್ಡ ವಾದವೇ ನಡೆಯಿತು. ಉದಯಪುರದಲ್ಲಿ ಶೇ 6ರಷ್ಟು ಮಕ್ಕಳಿಗೆ ಮಾತ್ರ ಪೂರ್ಣ ಲಸಿಕೆ ಆಗುತ್ತಿದ್ದ ಕಾಲದ ಫಲಿತಾಂಶವನ್ನು, ಇಂದು ಅದಕ್ಕಿಂತ ಎಷ್ಟೋ ಹೆಚ್ಚು ಮಕ್ಕಳಿಗೆ ಲಸಿಕೆ ಸಿಗುತ್ತಿರುವ ನಮ್ಮ ಜಿಲ್ಲೆಗಳಿಗೆ ಹಾಗೆಯೇ ತಂದು ಅಂಟಿಸಲಾಗದು. ಬೇಳೆ ಕೊಟ್ಟರೆ ಅದರ ಬಹುಪಾಲು ಹೇಗೂ ಬರುತ್ತಿದ್ದವರ ಮನೆಗೇ ಹೋದೀತು.

ಇಷ್ಟು ಹೇಳಿದೆನೆಂದು ಲೆಕ್ಕವೇ ಬೇಡ ಎನ್ನುತ್ತಿಲ್ಲ. ಆಯ್ದು ತಂದ ಅಕ್ಕಿ ಅಗತ್ಯಕ್ಕಿಂತ ಹೆಚ್ಚಾಯಿತೆಂದು ಗಂಡನಿಗೆ ಅದನ್ನು ಹಿಂದಿರುಗಿಸಿ ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನೂ ಲೆಕ್ಕ ಬಲ್ಲವಳೇ. ನಮ್ಮಲ್ಲಿ ಹೆಚ್ಚಾದುದು ಯಾರ ಪಾಲಿನದು ಎಂಬ ಅವಳ ಪ್ರಶ್ನೆಯನ್ನೂ ನಿಮ್ಮ ಲೆಕ್ಕದೊಳಗೆ ಸೇರಿಸಿಕೊಳ್ಳಿ ಎಂಬುದು ನನ್ನ ಕೋರಿಕೆ.

ಉತ್ತರ 4 — ಯಾದಗಿರಿ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ

ಗುರುಗಳ ಆಕ್ಷೇಪವನ್ನು ಓದಿ ಬಹಳ ಹೊತ್ತು ಯೋಚಿಸಿದೆ. ತಾಂಡಾದ ವಿಷಯದಲ್ಲಿ ಅವರ ಮಾತು ಸರಿ. ಆದರೆ ಅಲ್ಲಿಯೂ ಪುರಾವೆಯೇ ನೆರವಿಗೆ ಬಂದದ್ದು ಎಂದು ನನಗನ್ನಿಸುತ್ತದೆ: ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಆರ್ಸೆನಿಕ್ ಪ್ರಮಾಣವನ್ನು ಬರೆದಿಟ್ಟದ್ದರಿಂದಲೇ ಸರ್ಕಾರವನ್ನು ಕೇಳಲು ಜನರಿಗೆ ಬಲ ಬಂತು. ನಾಲ್ಕು ಲಕ್ಷದಿಂದ ಪೈಪ್‌ಲೈನ್ ಹಾಕಿಸಲಾಗದಿರಬಹುದು. ಸುತ್ತಲಿನ ಹಳ್ಳಿ, ತಾಂಡಾಗಳ ಕೊಳವೆಬಾವಿಗಳ ನೀರನ್ನು ಪರೀಕ್ಷೆ ಮಾಡಿಸಿ ಆ ವರದಿಯನ್ನು ಗ್ರಾಮ ಪಂಚಾಯಿತಿ ಮತ್ತು ಜಿಲ್ಲಾ ಪಂಚಾಯಿತಿಯ ಮುಂದೆ ಇಡಲು ಅದರ ಸಣ್ಣ ಪಾಲು ಸಾಕು. ಸರ್ಕಾರದ ದೊಡ್ಡ ಹಣವನ್ನು ಸರಿಯಾದ ಕಡೆಗೆ ತಿರುಗಿಸುವ ಸಣ್ಣ ಖರ್ಚು ಎಲ್ಲಕ್ಕಿಂತ ಹೆಚ್ಚು ಫಲ ಕೊಡಬಹುದು.

ಇದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2021ರ ಡಿಸೆಂಬರ್‌ನಲ್ಲಿ ಯಾದಗಿರಿ, ಕಲಬುರಗಿ, ಬೀದರ್ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಕೊಡಲು ಆರಂಭಿಸಿದಾಗ ರಾಜ್ಯದಲ್ಲಿ ದೊಡ್ಡ ವಿವಾದವೆದ್ದಿತು. ಮಕ್ಕಳು ಆಸೆಪಟ್ಟು ತಿನ್ನುವುದನ್ನು ನಾವು ತರಗತಿಯಲ್ಲಿ ಕಣ್ಣಾರೆ ನೋಡುತ್ತಿದ್ದೆವು, ಆದರೆ ನಮ್ಮ ಮಾತನ್ನು ಯಾರು ಕೇಳಬೇಕು? ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಪಡೆದ ಯಾದಗಿರಿಯ ಮಕ್ಕಳ ತೂಕ ಮತ್ತು ಎತ್ತರವನ್ನು ಮೊಟ್ಟೆ ಇಲ್ಲದ ಗದಗ ಜಿಲ್ಲೆಯ ಮಕ್ಕಳೊಂದಿಗೆ ಹೋಲಿಸಿ, ನಮ್ಮ ಮಕ್ಕಳ ಬೆಳವಣಿಗೆ ಉತ್ತಮವಾಗಿದೆಯೆಂದು ವರದಿ ಕೊಟ್ಟರು. ಮರುವರ್ಷ ಯೋಜನೆ ಇಡೀ ರಾಜ್ಯಕ್ಕೆ ವಿಸ್ತರಣೆಯಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮುಂದೆ ಬಂದ ಮೇಲೆ ವಾರಕ್ಕೆ ಆರು ದಿನ ಮೊಟ್ಟೆ ಕೊಡುವಂತಾಯಿತು. ಕಟ್ಟುನಿಟ್ಟಾಗಿ ನೋಡಿದರೆ ಅದು ಉದಯಪುರದಂತೆ ಚೀಟಿ ಎತ್ತಿ ಮಾಡಿದ ಪ್ರಯೋಗವಲ್ಲ. ಎರಡು ಜಿಲ್ಲೆಗಳ ನಡುವೆ ಬೇರೆ ವ್ಯತ್ಯಾಸಗಳೂ ಇರುತ್ತವೆ. ಹಾಗಿದ್ದರೂ ಅಳತೆಯೇ ಇಲ್ಲದ ವಾದಕ್ಕಿಂತ ಅದು ಎಷ್ಟೋ ಮೇಲಿತ್ತು, ಮತ್ತು ಅದರಿಂದ ಮಕ್ಕಳ ತಟ್ಟೆಗೆ ನಿಜವಾಗಿ ಏನೋ ಬಂದು ಬಿದ್ದಿತು.

ನೋಟ್‌ಬುಕ್ಕಿನ ಬಗ್ಗೆ ಒಂದು ಮಾತು. ಕೆನ್ಯಾದಲ್ಲಿ ಶಾಲೆಗಳಿಗೆ ಉಚಿತ ಪಠ್ಯಪುಸ್ತಕ ಕೊಟ್ಟು ನೋಡಿದ ಅಧ್ಯಯನದಲ್ಲಿ ಸರಾಸರಿ ಅಂಕ ಏರಲಿಲ್ಲ. ಮೊದಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳಿಗೆ ಮಾತ್ರ ಪ್ರಯೋಜನವಾಯಿತು, ಏಕೆಂದರೆ ಉಳಿದವರಿಗೆ ಆ ಪುಸ್ತಕವನ್ನು ಓದಲೇ ಬರುತ್ತಿರಲಿಲ್ಲ. ಮುಂಬೈ ಮತ್ತು ವಡೋದರಾದಲ್ಲಿ ‘ಪ್ರಥಮ್’ ಸಂಸ್ಥೆ 2001ರಿಂದ 2003ರ ಅವಧಿಯಲ್ಲಿ, ಹಿಂದುಳಿದ ಮಕ್ಕಳನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಅವರು ಇರುವ ಮಟ್ಟದಿಂದಲೇ ಕಲಿಸಲು ಸ್ಥಳೀಯ ಯುವತಿಯರನ್ನು ನೇಮಿಸಿತು. ಆ ಮಕ್ಕಳ ಕಲಿಕೆ ಸ್ಪಷ್ಟವಾಗಿ ಸುಧಾರಿಸಿದ್ದು ಪ್ರಯೋಗದಲ್ಲಿ ಸಿದ್ಧವಾಯಿತು. ನನ್ನ ಐದನೆಯ ತರಗತಿಯಲ್ಲಿ ಒತ್ತಕ್ಷರ ಕೂಡಿಸಿ ಓದಲಾಗದ ಮಕ್ಕಳಿದ್ದಾರೆ, ಮತ್ತು ಪಠ್ಯ ಮುಗಿಸುವ ಅವಸರದಲ್ಲಿ ಅವರ ಪಕ್ಕ ಕೂರಲು ನನಗೆ ಹೊತ್ತು ಸಿಗುವುದಿಲ್ಲ. ಊರಲ್ಲೇ ಪಿಯುಸಿ ಮುಗಿಸಿ ಕುಳಿತಿರುವ ಒಬ್ಬ ಹುಡುಗಿಗೆ ತಿಂಗಳ ಗೌರವಧನ ಕೊಟ್ಟು ದಿನಕ್ಕೆ ಎರಡು ಗಂಟೆ ಆ ಮಕ್ಕಳ ಜೊತೆ ಕೂರಿಸಿದರೆ, ನೂರು ಬ್ಯಾಗು ಹಂಚಿದ್ದಕ್ಕಿಂತ ಅದು ಮೇಲು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಅಕ್ಕನವರಿಗೆ, ಅಣ್ಣನವರಿಗೆ, ಗುರುಗಳಿಗೆ, ಮೇಡಂ ಅವರಿಗೆ ಹೃತ್ಪೂರ್ವಕ ಧನ್ಯವಾದಗಳು. ಗೆಳೆಯರೆಲ್ಲ ಇದನ್ನು ಓದಿ ಚರ್ಚಿಸಿದೆವು. ಗುರುಗಳ ಮಾತನ್ನು ಒಪ್ಪಿ, ಒಟ್ಟು ಹಣದ ಹತ್ತನೆಯ ಒಂದು ಪಾಲನ್ನು ಲೆಕ್ಕ ಕೇಳದೆ, ಎದುರು ಬಂದ ಕಷ್ಟಕ್ಕೆ ಕೊಡಲು ತೆಗೆದಿಡುತ್ತೇವೆ. ಇನ್ನೊಂದು ಸಣ್ಣ ಪಾಲು ತಾಂಡಾಗಳ ನೀರಿನ ಪರೀಕ್ಷೆಗೆ. ಉಳಿದುದನ್ನು ಗುಳೆ ಹೋಗುವ ಕುಟುಂಬಗಳ ಮಕ್ಕಳ ಲಸಿಕೆಗೆ ಮತ್ತು ಹಸುಗೂಸುಗಳ ಆರೈಕೆಗೆ ಇಡಬೇಕೆಂದು ಬಹುಮತ ಬಂದಿದೆ. ಕಮಾನಿನ ವಿಷಯವನ್ನು ಹಿರಿಯರೊಂದಿಗೆ ಮಾತನಾಡಿ ಬಿಡಿಸಿಕೊಳ್ಳುವ ಹೊಣೆ ನನ್ನದು.

ಉಳಿದಿರುವುದು ಒಂದು ಅನುಮಾನ. ಗಿವ್‌ವೆಲ್ ಲೆಕ್ಕದಲ್ಲಿ ಅವರ ಪಟ್ಟಿಯ ಅತ್ಯುತ್ತಮ ಸಂಸ್ಥೆಗಳ ಮೂಲಕ ಒಂದು ಜೀವ ಉಳಿಸಲು ಕೆಲವು ಸಾವಿರ ಡಾಲರ್ ಬೇಕಾಗುತ್ತದೆ. ಅಂದರೆ ನಮ್ಮ ಒಂದು ವರ್ಷದ ಹಣ ಹೆಚ್ಚುಕಡಿಮೆ ಅಷ್ಟೇ. ಊರಿನಲ್ಲಿ ಅದೇ ಹಣದಿಂದ ಅಷ್ಟು ಒಳಿತಾಗುತ್ತಿದೆಯೇ ಎಂದು ನಮಗೆ ತಿಳಿಯುವುದು ಹೇಗೆ? ಮತ್ತು ಬೇಳೆ ಹೇಗೂ ಬರುತ್ತಿದ್ದವರಿಗೇ ಹೋದೀತೆಂಬ ಗುರುಗಳ ಆತಂಕಕ್ಕೆ ಪರಿಹಾರವೇನು?

ಉತ್ತರ 1ರವರಿಂದ ಮತ್ತೆ

ತಮ್ಮಾ, ಕೆಲವೇ ಹಳ್ಳಿಗಳ ಕೆಲಸದಲ್ಲಿ ಎಷ್ಟು ಜೀವ ಉಳಿದವೆಂದು ತೋರಿಸಲು ಹೋಗಬೇಡಿ. ಅಷ್ಟು ಸಣ್ಣ ಸಂಖ್ಯೆಯಲ್ಲಿ ಒಂದು ಸಾವು ಹೆಚ್ಚು, ಒಂದು ಕಡಿಮೆ ಎಂಬುದು ಕೇವಲ ಆಕಸ್ಮಿಕವಾಗಿರಬಹುದು. ಲಸಿಕೆಯಿಂದ ಜೀವ ಉಳಿಯುತ್ತದೆ ಎಂಬುದು ಬೇರೆ ಕಡೆ ಸಿದ್ಧವಾಗಿದೆ. ನೀವು ಅಳೆಯಬೇಕಾದದ್ದು ಮಗುವಿಗೆ ಹೊತ್ತಿಗೆ ಸರಿಯಾಗಿ ಲಸಿಕೆ ಬಿತ್ತೇ, 42 ದಿನದೊಳಗಿನ ಎಲ್ಲ ಭೇಟಿಗಳೂ ನಡೆದವೇ ಎಂಬುದನ್ನು ಮಾತ್ರ.

ಗುರುಗಳ ಆತಂಕ ನ್ಯಾಯವಾದದ್ದು. ಅದಕ್ಕಾಗಿಯೇ ಬೇಳೆಯನ್ನು ಎಲ್ಲರಿಗೂ ಕೊಡದೆ, ಲಸಿಕೆ ತಪ್ಪಿಸಿಕೊಂಡ ಮಕ್ಕಳ ಪಟ್ಟಿಯನ್ನು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರೊಂದಿಗೆ ಕುಳಿತು ಮೊದಲೇ ಸಿದ್ಧಪಡಿಸಿಕೊಳ್ಳಿ. ತಪ್ಪಿಸಿಕೊಂಡವರಿಗೆ ಮಾತ್ರ ಬೇಳೆ ಸಿಗುತ್ತದೆಂದು ತಿಳಿದರೆ ಬೇಕೆಂದೇ ತಪ್ಪಿಸುವವರೂ ಹುಟ್ಟಿಕೊಂಡಾರು. ಆದ್ದರಿಂದ ಗುಳೆ ಹೋಗುವ ಕುಟುಂಬಗಳು ಎಂಬ ಗುರುತನ್ನೇ ಆಧಾರ ಮಾಡಿಕೊಂಡು, ಆ ಮನೆಗಳ ಎಲ್ಲ ಸಣ್ಣ ಮಕ್ಕಳಿಗೂ ಕೊಡುವುದು ಮೇಲು. ತೊಗರಿ ರಾಶಿ ಮುಗಿದು ಜನ ಊರು ಬಿಡುವ ಮೊದಲೇ ಪಟ್ಟಿ ಆಗಿರಬೇಕು. ತಾಯಿ ಕಾರ್ಡಿನ ಫೋಟೋ ತೆಗೆದು ಮನೆಯವರ ಮೊಬೈಲಿನಲ್ಲೂ ನಿಮ್ಮ ಬಳಿಯೂ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಅವರು ಇಳಿಯುವ ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಮೊದಲ ಸಲ ಜೊತೆಗೆ ಹೋಗುವ ಕೆಲಸವನ್ನು ಅಲ್ಲೇ ಇರುವ ನೀವು ಗೆಳೆಯರೇ ಹಂಚಿಕೊಳ್ಳಬಹುದು. ಅದಕ್ಕೆ ಹಣವೂ ಬೇಡ.

ಮೊದಲ ವರ್ಷ ಎಲ್ಲ ಹಳ್ಳಿಗಳಿಗೂ ಕೈಹಾಕಲು ನಿಮ್ಮ ಹಣ ಸಾಲದು. ಸಮಾನ ಗಾತ್ರದ ಹಳ್ಳಿ, ತಾಂಡಾಗಳ ಹೆಸರು ಬರೆದು, ಪಂಚಾಯಿತಿ ಕಟ್ಟೆಯ ಮೇಲೆ ಎಲ್ಲರೆದುರು ಚೀಟಿ ಎತ್ತಿಸಿ. ಬಂದವುಗಳಲ್ಲಿ ಈ ವರ್ಷ, ಉಳಿದವುಗಳಲ್ಲಿ ಮುಂದಿನ ವರ್ಷ. ಎರಡೂ ಗುಂಪಿನ ಪಟ್ಟಿಯನ್ನು ಒಂದೇ ರೀತಿಯಲ್ಲಿ ಬರೆದಿಡಿ. ಹೀಗೆ ಮಾಡಿದರೆ ಯಾರಿಗೂ ಪಕ್ಷಪಾತವೆನಿಸುವುದಿಲ್ಲ, ಹೋಲಿಸಿ ನೋಡಲು ನಿಮಗೂ ಒಂದು ಆಧಾರ ಸಿಗುತ್ತದೆ. ವ್ಯತ್ಯಾಸವೇ ಕಾಣದಿದ್ದರೆ ಹಣವನ್ನು ಮೇಡಂ ಹೇಳಿದ ಓದಿನ ಕೆಲಸಕ್ಕೆ ತಿರುಗಿಸಿ. ಪಟ್ಟಿಯ ನಮೂನೆ ಬೇಕಿದ್ದರೆ ಹೇಳಿ, ನಾವು ವಾರ್ಡಿನಲ್ಲಿ ಬಳಸುವ ಪುಟವನ್ನೇ ನಿಮ್ಮ ಕೆಲಸಕ್ಕೆ ತಕ್ಕಂತೆ ತಿದ್ದಿ ಕಳುಹಿಸುತ್ತೇನೆ.